ಸಿಹಿನೀರಿನ ಬದಿ

ಕೊಟ್ಟಿಗೆಹಾರ
14 ಜುಲೈ 2024

ಚಿರಂಜೀವಿ ಅಶ್ವಿನನಿಗೆ ನಿನ್ನ ಸುಬ್ಬಣ್ಣ ಮಾವ ಮಾಡುವ ಆಶೀರ್ವಾದ.

ನೀನು ಹೇಗಿದ್ದೀಯ? ದಿವ್ಯಾಳ ಬೆನ್ನುನೋವು ಕಡಿಮೆಯಾಯಿತೇ? ಮಂಗಳೂರಿನ ಸೆಕೆಗೆ ಪುಟ್ಟಿ ಧನ್ಯಾಳ ಮೈಮೇಲೆಲ್ಲ ಬೆವರುಸಾಲೆ ಎದ್ದಿತ್ತಂತೆ, ಮಳೆ ಹಿಡಿದ ಮೇಲೆ ಹೋಗಿರಬೇಕು. ನಿನ್ನ ಅಮ್ಮ ಸರೋಜ ಮೊನ್ನೆ ಬಣಕಲ್ಲಿನಲ್ಲಿ ಸಿಕ್ಕಿದ್ದಳು. ಮಂಡಿನೋವು, ಮಂಡಿನೋವು ಎನ್ನುತ್ತಲೇ ನನಗಿಂತ ಹತ್ತು ಮಾರು ಮುಂದೆ ನಡೆದಳು. ನಿನ್ನ ಸಾವಿತ್ರತ್ತೆ ಹಲ್ಲು ಕೀಳಿಸಿಕೊಂಡು ಮೂರು ದಿನ ಮಾತಾಡಲಿಲ್ಲ. ಮದುವೆಯಾದ ಮೇಲೆ ಮನೆಯಲ್ಲಿ ಇಷ್ಟು ಶಾಂತಿ ನಾನು ಕಂಡದ್ದು ಇದೇ ಮೊದಲು.

ಫೋನ್ ಮಾಡಿದ್ದೆಯಲ್ಲ, ನನ್ನ ಕಿವಿ ನಿನಗೆ ಗೊತ್ತಿದೆ. ನಲವತ್ತು ವರ್ಷ ಎಂಜಿನ್ ಶೆಡ್ಡಿನಲ್ಲಿ ನಿಂತ ಕಿವಿಗೆ ಫೋನಿನಲ್ಲಿ ಕೇಳುವುದು ಗುಂಯ್ ಎನ್ನುವ ಒಂದೇ ಸದ್ದು. ನೀನು ಹೇಳಿದ್ದನ್ನು ಸಾವಿತ್ರಿ ಹಲ್ಲಿಲ್ಲದ ಬಾಯಲ್ಲಿ ಕಿರುಚಿ ಹೇಳಿದಳು. ಇನ್ನು ಮುಂದೆ ಕಾಗದವನ್ನೇ ಬರೆ, ನಾನೂ ಬರೆಯುತ್ತೇನೆ.

ನಿನ್ನ ಧಣಿಗಳು ಎರಡು ಮೀನುಗಾರಿಕೆ ಬೋಟಿನ ಎಂಜಿನ್ ಕೆಲಸವನ್ನು ಪೂರ್ತಿ ನಿನ್ನ ಕೈಗೆ ಕೊಟ್ಟಿದ್ದಾರೆ, ಈ ಸೀಸನ್ ಚೆನ್ನಾಗಿ ಕಳೆದರೆ ವರ್ಕ್‌ಶಾಪಿನ ಮೇಲ್ವಿಚಾರಣೆಯೂ ನಿನಗೇ ಎಂದು ಕೇಳಿ ನನಗಾದ ಸಂತೋಷ ಹೇಳಿ ಮುಗಿಯುವುದಿಲ್ಲ. ಸ್ಪ್ಯಾನರ್ ಹಿಡಿಯಲು ಬಾರದೆ ಬೆರಳು ಜಜ್ಜಿಕೊಂಡು ನನ್ನ ಶೆಡ್ಡಿನಲ್ಲಿ ಅತ್ತವನು ನೀನು. ಬೋಟು ನಿಲ್ಲುವ ದಕ್ಕೆಯಲ್ಲಿ ಈಗ ನಿನಗೊಂದು ಹೆಸರು.

ನಾನು ತಿಳಿದುಕೊಂಡದ್ದು ಸರಿಯೇ ನೋಡು. ಬೋಟಿನ ಎಂಜಿನ್ನಿಗೆ ನೀರಿನ ದಾರಿ ಎರಡು. ಒಳದಾರಿಯಲ್ಲಿ ಸಿಹಿನೀರು ಎಂಜಿನ್ನನ್ನು ಸುತ್ತಿ ಅದರ ಕಾವು ಹೊತ್ತು ತರುತ್ತದೆ. ಹೊರದಾರಿಯಲ್ಲಿ ಕಡಲಿನ ಉಪ್ಪುನೀರು ಬಂದು ಆ ಸಿಹಿನೀರನ್ನು ತಣಿಸಿ ಕಡಲಿಗೇ ಹೋಗುತ್ತದೆ. ನಡುವೆ ಸಣ್ಣ ಕೊಳವೆಗಳ ಗೋಡೆ, ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಉಪ್ಪುನೀರಿನ ಬದಿಗೆ ಜಿಂಕಿನ ಕಡ್ಡಿ ಕೂರಿಸುತ್ತೀರಿ. ಉಪ್ಪು ಮೊದಲು ಅದನ್ನು ತಿನ್ನುತ್ತದೆ, ಅದು ಮುಗಿಯುವ ತನಕ ಬೇರೆ ಲೋಹಕ್ಕೆ ಬಾಯಿ ಹಾಕುವುದಿಲ್ಲ. ಅರ್ಧ ಸವೆಯುತ್ತಲೇ ಅದನ್ನು ಬದಲಿಸು, ಸೋಮಾರಿತನ ಬೇಡ.

ಇನ್ನು ಸಿಹಿನೀರಿನ ಬದಿ. ದಕ್ಕೆಯ ಬಾವಿನೀರು ಉಪ್ಪುಪ್ಪು, ಟ್ಯಾಂಕರಿನದು ಗಡಸು, ಹಾಗಾಗಿ ಕೂಲೆಂಟ್ ಬೆರೆಸಲೇಬೇಕು ಎಂದು ಧಣಿಗಳು ಹೇಳುತ್ತಾರಂತೆ. ಕೂಲೆಂಟ್ ಎಂದರೆ ಕೆಟ್ಟ ನೀರಿಗೆ ಕೊಡುವ ಔಷಧಿ. ಜ್ವರ ಇಲ್ಲದವನಿಗೆ ಯಾರಾದರೂ ಇಂಜೆಕ್ಷನ್ ಚುಚ್ಚುತ್ತಾರೆಯೇ ಮಾರಾಯ? ನಮ್ಮ ಗುಡ್ಡದ ಒರತೆಯ ನೀರು ಕುಡಿದುಕೊಂಡೇ ಕಾಫಿ ಹಣ್ಣು ಸುಲಿಯುವ ನನ್ನ ಪಲ್ಪರ್ ಎಂಜಿನ್ ಇಪ್ಪತ್ತಾರು ವರ್ಷದಿಂದ ಓಡುತ್ತಿದೆ. ಒಳಗೆ ಒಂದು ಚೂರು ಚಿಪ್ಪು ಕಟ್ಟಿಲ್ಲ. ಆ ನೀರನ್ನೇ ಹಾಕು. ಬೇರೆ ಏನನ್ನೂ ಬೆರೆಸಬೇಡ. ಇದು ನನ್ನ ಮಾತು.

ಕಾಫಿ ಸಾಗಿಸುವ ಪಿಕಪ್ ನಾಳೆ ಘಾಟಿ ಇಳಿಯುತ್ತದೆ. ಶೆಡ್ಡಿನಲ್ಲಿದ್ದ ಎರಡು ನೀಲಿ ಡ್ರಮ್ಮು ತೊಳೆಸಿ, ನಾನೇ ನಿಂತು ತೋಟದ ಆಳು ಕೆಂಚಯ್ಯನ ಕೈಯಲ್ಲಿ ನೀರು ತುಂಬಿಸಿದ್ದೇನೆ. ಅವನು ಏನೋ ಗೊಣಗಿದ, ಅದು ಇದ್ದದ್ದೇ.

ನೀರು ಮುಟ್ಟಿದ ಕೂಡಲೇ ಎರಡು ಗೆರೆ ಗೀಚು.

ಇಂತಿ ನಿನ್ನ ಮಾವ
ಸುಬ್ಬಣ್ಣ


ಕೊಟ್ಟಿಗೆಹಾರ
25 ಆಗಸ್ಟ್ 2024

ಚಿರಂಜೀವಿ ಅಶ್ವಿನನಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಸಾವಿತ್ರಿ ಎರಡು ಸಲ ಓದಿದಳು, ನಾನು ನಾಲ್ಕು ಸಲ. ಬೋಟು ಎರಡೂ ಹತ್ತು ದಿನದ ಪಯಣ ಮುಗಿಸಿ ಬಂದವು, ಕಾವಿನ ಮೀಟರಿನ ಮುಳ್ಳು ಒಂದೇ ಕಡೆ ನಿಂತಿತ್ತು, 'ನೀರು ಎಲ್ಲಿಂದ ತರಿಸಿದಿ?' ಎಂದು ತಂಡೇಲರು ಕೇಳಿದರು ಎಂದು ಬರೆದಿದ್ದೀಯ. ಕಡಲಿನಲ್ಲಿ ಬೋಟು ನಡೆಸುವ ತಂಡೇಲರೇ ಹಾಗೆ ಕೇಳಿದರೆಂದರೆ ಸಾಮಾನ್ಯವೇ?

ಬಣಕಲ್ಲಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಪ್ರಶಾಂತನಿದ್ದಾನಲ್ಲ, ಅವನನ್ನು ಹೋಟೆಲಿನಲ್ಲಿ ಹಿಡಿದೆ. "ಏನೋ, ನಿನ್ನ ಹಸಿರು ಶರಬತ್ತಿಲ್ದೆ ಸಮುದ್ರದಲ್ಲಿ ಎಂಜಿನ್ ಓಡ್ತಾ ಇದೆ, ಕೇಳಿದ್ಯಾ?" ಎಂದೆ.

"ನೀರು ಒಳ್ಳೇದೋ ಕೆಟ್ಟದ್ದೋ ಅಂತಲ್ಲ ಸುಬ್ಬಣ್ಣ. ಕೂಲೆಂಟ್ ಒಳಗಡೆ ಲೋಹಕ್ಕೆ ಒಂದು ಪದರ ಕಟ್ಟತ್ತೆ, ತುಕ್ಕು ಹಿಡಿಯದ ಹಾಗೆ. ಬರೀ ಮೆದುನೀರು ಹಾಕಿದ್ರೆ ಅದೇ ತಿನ್ನತ್ತೆ" ಎಂದ.

"ನೀನು ಡಬ್ಬದ ಮೇಲೆ ಓದಿದ್ದು ಹೇಳ್ತೀಯ. ನಾನು ಬಿಚ್ಚಿ ನೋಡಿದ್ದು ಹೇಳ್ತೀನಿ" ಎಂದೆ. ಹೋಟೆಲಿನಲ್ಲಿ ಕೂತವರೆಲ್ಲ ನಕ್ಕರು. ಪ್ರಶಾಂತನೂ ನಕ್ಕ, ಪಾಪ, ಒಳ್ಳೆಯವನು.

ದಿವ್ಯಾಳಿಗೂ ಪುಟ್ಟಿಗೂ ನನ್ನ ನೆನಪು ಹೇಳು. ನೀರು ಬೇಕಾದರೆ ಇನ್ನೂ ಕಳಿಸುತ್ತೇನೆ, ಸಂಕೋಚ ಬೇಡ, ಬರೆ.

ಸುಬ್ಬಣ್ಣ ಮಾವ


ಮಂಗಳೂರು
9 ನವೆಂಬರ್ 2024

ಮಾವನವರಿಗೆ ಅಶ್ವಿನ್ ಮಾಡುವ ನಮಸ್ಕಾರಗಳು.

ನೀವು, ಅತ್ತೆ ಆರೋಗ್ಯವೆಂದು ನಂಬಿದ್ದೇನೆ. ಹಬ್ಬಕ್ಕೆ ಬರುತ್ತೇನೆಂದು ಹೇಳಿ ಬರಲಾಗಲಿಲ್ಲ. ಕಾರಣ ಅಮ್ಮನಿಗೂ ಪೂರ್ತಿ ಹೇಳಿಲ್ಲ.

ದೀಪಾವಳಿಯ ಹಿಂದಿನ ದಿನ ನನ್ನ ಎರಡು ಬೋಟುಗಳಲ್ಲಿ ಒಂದು ಕಡಲಿನ ನಡುವೆ ನಿಂತುಹೋಯಿತು. ಎಂಜಿನ್ ಕಾದು ಹೊಗೆ ಬಂತಂತೆ. ತಂಡೇಲರು ನೀರಿನ ಟ್ಯಾಂಕಿನ ಮುಚ್ಚಳ ತೆಗೆಯಲು ಹೋದಾಗ ಕುದಿಯುವ ನೀರು ಎರಚಿ ಅವರ ಬಲಗೈ, ಕುತ್ತಿಗೆ ಬೆಂದಿದೆ. ಎರಡು ದಿನ ಹಾಗೇ ತೇಲಿದ್ದಾರೆ. ಬೇರೆ ಬೋಟು ಕಂಡು ಹಗ್ಗ ಕಟ್ಟಿ ಎಳೆದು ತಂದಿತು. ಅಷ್ಟರಲ್ಲಿ ಅವರ ಕೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ದಿನಾ ಆಸ್ಪತ್ರೆಗೆ ಹೋಗಿ ಬರುತ್ತಿದ್ದೇನೆ.

ಎಂಜಿನ್ ಬಿಚ್ಚಿದೆವು. ಸಿಹಿನೀರು ತಳ್ಳುವ ಪಂಪಿನ ಅಲ್ಯೂಮಿನಿಯಂ ಮೈ ಗೆದ್ದಲು ತಿಂದ ಹಲಗೆಯ ಹಾಗಾಗಿದೆ. ಒಂದು ಕಡೆ ತೂತು ಬಿದ್ದು ಬಹುಪಾಲು ನೀರು ಸೋರಿಹೋಗಿದೆ. ಒಳಗಿನ ಕಬ್ಬಿಣದ ಮೇಲೂ ಸೂಜಿಯಿಂದ ಚುಚ್ಚಿದಂಥ ಗುಳಿಗಳು. ಇನ್ನೊಂದು ಬೋಟನ್ನೂ ಬಿಚ್ಚಿಸಿದೆ. ಅದು ತೂತಾಗಲು ಇನ್ನು ಹದಿನೈದು ದಿನ ಇತ್ತು, ಅಷ್ಟೇ. ಧಣಿಗಳ ಬೇರೆ ಮೂರು ಬೋಟುಗಳಿಗೆ ಏನೂ ಆಗಿಲ್ಲ. ಅವಕ್ಕೆ ಟ್ಯಾಂಕರ್ ನೀರು, ಕೂಲೆಂಟ್.

ಮಾವ, ಒಂದು ವಿಷಯ ಕೇಳಬೇಕು. ಗುಳಿಗಳ ಸುತ್ತ ಕೆಂಪು ಬಣ್ಣ ಇದೆ. ತುಕ್ಕಿನ ಕೆಂಪಲ್ಲ, ಹೊಸ ತಾಮ್ರದ ಚೊಂಬಿನ ಕೆಂಪು. ಇದು ಎಲ್ಲಿಂದ ಬಂತು ತಿಳಿಯುತ್ತಿಲ್ಲ. ನೀವು ನೀರು ಕಳಿಸಿದ ಡ್ರಮ್ಮುಗಳಲ್ಲಿ ಮೊದಲು ಏನಿತ್ತು? ತಪ್ಪು ತಿಳಿಯಬೇಡಿ. ವಿಚಾರಣೆ ಮುಗಿಯುವವರೆಗೆ ವರ್ಕ್‌ಶಾಪಿಗೆ ಬರಬೇಡ ಎಂದು ಧಣಿಗಳು ಹೇಳಿದ್ದಾರೆ. ಅವರು ಕೇಳಿದಾಗ ನಾನು ಏನಾದರೂ ಹೇಳಬೇಕಲ್ಲ.

ದಯವಿಟ್ಟು ಈ ಒಂದು ವಿಷಯ ತಿಳಿಸಿ.

ಇತಿ
ಅಶ್ವಿನ್


ಕೊಟ್ಟಿಗೆಹಾರ
17 ನವೆಂಬರ್ 2024

ಅಶ್ವಿನನಿಗೆ,

ತಂಡೇಲರಿಗಾದದ್ದು ಕೇಳಿ ಮನಸ್ಸಿಗೆ ಬಹಳ ನೋವಾಯಿತು. ಅದನ್ನು ಮೊದಲು ಹೇಳಿ, ಉಳಿದದ್ದನ್ನು ಹೇಳುತ್ತೇನೆ.

ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಕೇಳಿದ್ದೀಯ. ನನ್ನನ್ನು ಕೇಳಿದ್ದೀಯ. ಮೂಡಿಗೆರೆಯಿಂದ ಕಳಸದವರೆಗೆ ಯಾವ ಎಸ್ಟೇಟಿನಲ್ಲಿ ಎಂಜಿನ್ ನಿಂತರೂ 'ಎಂಜಿನ್ ಸುಬ್ಬಣ್ಣನ್ನ ಕರೀರಿ' ಎನ್ನುತ್ತಾರೆ. ಅಂಥವನಿಗೆ ಡ್ರಮ್ಮು ತೊಳೆಯಲು ಬರುವುದಿಲ್ಲ ಎಂದು ನನ್ನ ಕೈಯಲ್ಲೇ ಕಲಿತವನು ಹೇಳುತ್ತಿದ್ದಾನೆ. ಆಗಲಿ.

ನಾನೂ ಒಂದು ಕೇಳುತ್ತೇನೆ. ಜಿಂಕ್ ಕಡ್ಡಿ ಯಾವಾಗ ಬದಲಿಸಿದೆ? ಸೀಸನ್ ಜೋರಾಗಿ ಸಾಗಿತ್ತು, ಬೋಟು ದಡದಲ್ಲಿ ಅರ್ಧ ದಿನವೂ ನಿಲ್ಲುತ್ತಿರಲಿಲ್ಲ, 'ಮುಂದಿನ ಸಲ ನೋಡೋಣ' ಎಂದು ಬಿಟ್ಟಿರುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಜಿಂಕ್ ಮುಗಿದರೆ ಉಪ್ಪು ಸುಮ್ಮನಿರುತ್ತದೆಯೇ? ತಿಂದದ್ದು ಅದು. ಕೆಂಪು ಬಣ್ಣ, ತಾಮ್ರದ ಚೊಂಬು ಎಂದೆಲ್ಲ ಕಥೆ ಕಟ್ಟಬೇಡ. ಕೆಲಸದಲ್ಲಿ ತಪ್ಪಾದರೆ ಒಪ್ಪಿಕೊಳ್ಳುವವನು ಗಂಡಸು. ಹಿರಿಯರ ತಲೆಗೆ ಕಟ್ಟುವವನಿಗೆ ಬೇರೆ ಹೆಸರಿದೆ, ಕಾಗದದಲ್ಲಿ ಬರೆಯುವುದಿಲ್ಲ.

ಬಣಕಲ್ಲಿನಲ್ಲಿ ಯಾರೋ ಕೇಳಿದರು, ಬೋಟು ನಿಂತಿತಂತೆ ಹೌದಾ ಎಂದು. ಸುದ್ದಿ ನಿನಗಿಂತ ಮೊದಲೇ ಘಾಟಿ ಹತ್ತಿತ್ತು. ಇದ್ದದ್ದನ್ನು ಹೇಳಿದೆ. ಹುಡುಗ ಜಿಂಕ್ ಬದಲಿಸಲಿಲ್ಲ, ಎಷ್ಟು ಹೇಳಿಕೊಟ್ಟರೂ ಅಷ್ಟೇ ಎಂದೆ.

ಧಣಿಗಳ ಹತ್ತಿರ ಹೋಗಿ ತಪ್ಪಾಯಿತು ಎನ್ನು. ಬಿಡುತ್ತಾರೆ.

ಸುಬ್ಬಣ್ಣ


ಮಂಗಳೂರು
29 ನವೆಂಬರ್ 2024

ಮಾವನವರಿಗೆ ನಮಸ್ಕಾರ.

ಜಿಂಕ್ ಇರುವುದು ಉಪ್ಪುನೀರಿನ ಬದಿಗೆ. ತೂತು ಬಿದ್ದದ್ದು ಸಿಹಿನೀರಿನ ಬದಿಗೆ. ಜುಲೈ ತಿಂಗಳ ಕಾಗದದಲ್ಲಿ ಇದನ್ನು ನೀವೇ ಬರೆದಿದ್ದೀರಿ, ನನ್ನ ಬಳಿ ಇದೆ. ಉಪ್ಪುನೀರಿನ ಬದಿ ಈಗಲೂ ಕನ್ನಡಿಯ ಹಾಗಿದೆ. ಜಿಂಕ್ ಕಡ್ಡಿಗಳನ್ನು ಪ್ರತಿ ಪಯಣಕ್ಕೂ ತೆಗೆದು ನೋಡಿದ್ದೇನೆ.

ಧಣಿಗಳು ಎಲ್ಲರ ಎದುರು ಕೇಳಿದರು. ಕೂಲೆಂಟ್ ಹಾಕದೇ ಇದ್ದದ್ದು ನನ್ನದೇ ತೀರ್ಮಾನ ಎಂದು ಬರೆದುಕೊಟ್ಟೆ. ನಿಮ್ಮ ಹೆಸರು ಹೇಳಲಿಲ್ಲ. ಕೆಲಸದಿಂದ ತೆಗೆದರು. ದಕ್ಕೆಯಲ್ಲಿ ಬೇರೆ ಯಾರೂ ಎಂಜಿನ್ ಮುಟ್ಟಲು ಕೊಡುವುದಿಲ್ಲ. ಊರಿಗೆ ಬಂದು ಬಣಕಲ್ಲಿನಲ್ಲೇ ಒಂದು ಶೆಡ್ಡು ಹಾಕೋಣ, ಎಸ್ಟೇಟಿನ ಎಂಜಿನ್‌ಗಳನ್ನು ನೋಡಿಕೊಂಡಿರೋಣ ಎಂದು ದಿವ್ಯಾ ಹೇಳುತ್ತಿದ್ದಳು. ಮೊನ್ನೆ ಅಮ್ಮ ಫೋನಿನಲ್ಲಿ ಅತ್ತಳು. ಹಾಲಿನ ಡೈರಿಯಲ್ಲಿ ಯಾರೋ, "ನಿಮ್ ಮಗ ಎಂಜಿನ್ ಕೊಲ್ಲೋದ್ರಲ್ಲಿ ಎಕ್ಸ್‌ಪರ್ಟ್ ಅಂತಲ್ಲ ಸರೋಜಮ್ಮ" ಎಂದರಂತೆ. ಹಾಗಾಗಿ ಅದೂ ಇಲ್ಲ.

ಪಂಪಿನ ಮೈಯ ಒಂದು ತುಂಡು, ಅದರೊಳಗಿನ ಒಂದು ಕಬ್ಬಿಣದ ಬೋಲ್ಟು ಬಸ್ಸಿನಲ್ಲಿ ಕಳಿಸಿದ್ದೇನೆ. ನೋಡಬೇಕೆನ್ನಿಸಿದರೆ ನೋಡಿ.

ಅಶ್ವಿನ್


ಕೊಟ್ಟಿಗೆಹಾರ
16 ಜನವರಿ 2025

ಮಗೂ ಅಶ್ವಿನ,

ಇದನ್ನು ಹೇಗೆ ಶುರುಮಾಡಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ.

ನೀನು ಕಳಿಸಿದ ಪೊಟ್ಟಣ ಡಿಸೆಂಬರ್ ಎರಡಕ್ಕೇ ಬಂತು. ಬಿಚ್ಚಲಿಲ್ಲ. ಶೆಡ್ಡಿನ ಅಟ್ಟದ ಮೇಲೆ ಎಸೆದೆ. ಬಿಚ್ಚಿದರೆ ಏನು ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು. ಅದು ಸುಳ್ಳಾಗುತ್ತದೆ. ಗೊತ್ತಾಗಬಾರದು ಎಂದೇ ಬಿಚ್ಚಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಸಾವಿತ್ರಿ ಅಟ್ಟ ಗುಡಿಸಲು ಹೋಗಿ ಪೊಟ್ಟಣ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. "ಕಾಫಿ ಹಣ್ಣಿನ ರಾಶಿ ನೋಡಕ್ಕೆ ಕಣ್ಣಿದೆ, ಮಗು ಕಳ್ಸಿದ್ದು ನೋಡಕ್ಕಿಲ್ವಾ? ಬಿಚ್ಚಿ. ನೀವು ಬಿಚ್ಚೋವರ್ಗೂ ರೊಟ್ಟಿ ಹಾಕಲ್ಲ" ಎಂದಳು. ಬಿಚ್ಚಿದೆ. ಬೋಲ್ಟಿನ ಮೇಲೆ ಕೆಂಪು. ಉಗುರಿನಿಂದ ಕೆರೆದೆ, ಮಿಂಚಿತು. ನೀನು ಬರೆದ ಹಾಗೇ, ಹೊಸ ತಾಮ್ರ.

ಅಶ್ವಿನ, ಈ ಕೆಂಪನ್ನು ನಾನು ವರ್ಷಕ್ಕೆ ಎರಡು ಸಲ ನೋಡುತ್ತೇನೆ. ಗಿಡಕ್ಕೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವಾಗ ಒಂದು ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸುತ್ತೇವೆ, ಇನ್ನೊಂದರಲ್ಲಿ ಸುಣ್ಣ. ಎರಡನ್ನೂ ಬೆರೆಸಿದ ಮೇಲೆ ಹದ ನೋಡಲು ಏನು ಮಾಡುತ್ತೇವೆ? ಉಜ್ಜಿದ ಕತ್ತಿ ಅದ್ದುತ್ತೇವೆ. ಕತ್ತಿಯ ಮೇಲೆ ಕೆಂಪು ಕೂತರೆ ಮೈಲುತುತ್ತ ಇನ್ನೂ ಜೋರಾಗಿದೆ, ಸುಣ್ಣ ಸಾಲದು ಎಂದು ಅರ್ಥ. ಕಬ್ಬಿಣ ಕಂಡರೆ ಮೈಲುತುತ್ತದ ತಾಮ್ರ ಹೋಗಿ ಅಂಟುತ್ತದೆ, ಅಂಟಿದಲ್ಲಿ ಕಬ್ಬಿಣ ಕರಗುತ್ತದೆ. ಕಾಫಿ ತೋಟದಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ಇದು ಗೊತ್ತು. ನಿನಗೆ ಐದು ವರ್ಷವಾಗಿದ್ದಾಗ ಹೇಳಿಕೊಟ್ಟವನು ನಾನು.

ಕೆಂಚಯ್ಯನನ್ನು ಕರೆದೆ. ಪಿಕಪ್ಪಿನವನು ವಾಪಸು ತಂದಿಟ್ಟಿದ್ದ ಎರಡೂ ಡ್ರಮ್ಮುಗಳನ್ನು ಅಂಗಳಕ್ಕೆ ತರಿಸಿ, ತಳಕ್ಕೆ ಒಂದು ಕೊಡ ನೀರು ಹೊಯ್ಯಿಸಿ, ಉಜ್ಜಿದ ಕತ್ತಿ ಒಂದೊಂದು ಇಟ್ಟೆ. ಒಂದರಲ್ಲಿ ಏನೂ ಆಗಲಿಲ್ಲ. ಇನ್ನೊಂದರಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಕತ್ತಿಯ ತುದಿ ಕೆಂಪಾಗಿತ್ತು. ತಳದಲ್ಲಿ ಉಳಿದ ನೀರು ಒಣಗಿ ಮೂಲೆಯಲ್ಲಿ ಹರಳು ಕಚ್ಚಿಕೊಂಡು ಕೂತಿದೆ. ನೀಲಿ ಡ್ರಮ್ಮಿನಲ್ಲಿ ಮೈಲುತುತ್ತದ ನೀಲಿ ಯಾರಿಗೆ ಕಾಣುತ್ತದೆ? ದಕ್ಕೆಯಲ್ಲಿ ಎರಡು ಡ್ರಮ್ಮಿನ ನೀರನ್ನೂ ಒಂದೇ ಟ್ಯಾಂಕಿಗೆ ಸುರಿದು ಎರಡು ಎಂಜಿನ್ನಿಗೂ ಹಾಕಿದೆ ಎಂದು ನೀನು ಆಗಸ್ಟಿನಲ್ಲಿ ಬರೆದಿದ್ದೆ.

"ಇದನ್ನ ಯಾಕೆ ತುಂಬ್ದೆ ನೀನು?" ಎಂದು ಕೆಂಚಯ್ಯನ ಮೇಲೆ ಹಾರಿದೆ. ನೋಡು, ಆಗಲೂ ಮೊದಲು ಹುಡುಕಿದ್ದು ಬೇರೆಯವರನ್ನು.

ಅವನು ಕತ್ತಿಯನ್ನು ಒರೆಸುತ್ತಾ ಹೇಳಿದ, "ಗೌಡ್ರೇ, ಅವತ್ತೇ ಅಂದೆ ನಾನು, ಇದು ತುತ್ತದ ಡ್ರಮ್ಮು, ಬ್ಯಾರೆ ತರ್ತೀನಿ ಅಂತ. 'ಒಂದ್ಸಲ ನೀರು ಹಾಕಿ ಅಲ್ಲಾಡ್ಸಿದ್ರೆ ಸಾಕು, ನಂಗೇ ಹೇಳಿಕೊಡ್ತೀಯ' ಅಂದ್ರಿ. ಪಿಕಪ್ ಹಾರನ್ ಹೊಡೀತಿತ್ತು."

ಅವನು ಅಂದದ್ದು ನನಗೆ ನೆನಪಿದೆ. ನವೆಂಬರಿನಲ್ಲಿ ನೀನು ಕೇಳಿದಾಗಲೂ ನೆನಪಿತ್ತು.

ಪ್ರಶಾಂತನ ಅಂಗಡಿಗೂ ಹೋಗಿ ಡಬ್ಬದ ಮೇಲಿನದನ್ನು ಓದಿಸಿ ತಿಳಿದುಕೊಂಡೆ. ಕೂಲೆಂಟ್ ಹಾಕಿದ್ದರೆ ಅದರ ಪದರ ಸ್ವಲ್ಪವಾದರೂ ತಡೆಯುತ್ತಿತ್ತಂತೆ. ಅದನ್ನೂ ಬೇಡವೆಂದವನು ನಾನೇ. ನನ್ನ ಪಲ್ಪರ್ ಎಂಜಿನ್ ವರ್ಷಕ್ಕೆ ಎರಡು ತಿಂಗಳು, ದಿನಕ್ಕೆ ನಾಲ್ಕು ಗಂಟೆ ಓಡುವಂಥದ್ದು, ಮೈಯೆಲ್ಲ ಎರಕದ ಕಬ್ಬಿಣ. ನಿನ್ನದು ಹಗಲೂ ರಾತ್ರಿ ಓಡುತ್ತದೆ, ಅಲ್ಯೂಮಿನಿಯಂ ಇದೆ, ತಾಮ್ರಕ್ಕೆ ಅದು ಕಬ್ಬಿಣಕ್ಕಿಂತ ಬೇಗ ಸವೆಯುತ್ತದೆ. ಎರಡೂ ಒಂದೇ ಎಂದು ಹೇಳಿದ ಬಾಯಿ ಇದು.

ತಪ್ಪು ನನ್ನದು. ಅರ್ಧವಲ್ಲ, ಪೂರ್ತಿ. ನಿನ್ನ ಧಣಿಗಳಿಗೂ ಹೇಳುತ್ತೇನೆ, ಬಣಕಲ್ಲಿಗೂ ಹೇಳುತ್ತೇನೆ. ನೀನು ಮಾತ್ರ ಒಂದು ಗೆರೆ ಬರೆ.

ಸುಬ್ಬಣ್ಣ ಮಾವ


ಮಂಗಳೂರು
27 ಜನವರಿ 2025

ಪೂಜ್ಯ ಮಾವನವರಿಗೆ ದಿವ್ಯಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಅವರು ಊರಲ್ಲಿಲ್ಲ. ಮಲ್ಪೆಯಲ್ಲಿ ಒಂದು ಬೋಟಿಗೆ ಸೇರಿದ್ದಾರೆ. ಬಲೆ ಎಳೆಯುವ ಕೆಲಸ. ಎಂಜಿನ್ ಕೋಣೆಗೆ ಇಳಿಯುವುದಿಲ್ಲ ಎಂದು ಹೇಳಿಯೇ ಸೇರಿದರು.

ಮೊನ್ನೆ ಎರಡು ದಿನಕ್ಕೆ ಬಂದಿದ್ದಾಗ ಕಾಗದ ಕೊಟ್ಟೆ. ಓದಿದರು. ಮಡಚಿಟ್ಟರು. ಧನ್ಯಾಳ ಸೈಕಲ್ಲಿನ ಚೈನು ಸಿಕ್ಕಿಕೊಂಡಿತ್ತು, ಅದನ್ನೂ ಪಕ್ಕದ ಮನೆಯವರ ಹತ್ತಿರ ಸರಿಮಾಡಿಸು ಎಂದರು.

ಊರಿಗೆ ಹೋಗೋಣ ಎಂದು ನಾನು ಈಗಲೂ ಹೇಳುತ್ತೇನೆ. "ಅಲ್ಲಿ ಯಾವ ಮುಖ ಇಟ್ಕೊಂಡು ಶೆಡ್ಡು ಹಾಕ್ಲಿ?" ಎನ್ನುತ್ತಾರೆ. ನೀವು ಬಣಕಲ್ಲಿನಲ್ಲಿ ಹೇಳುತ್ತೇನೆಂದು ಬರೆದಿದ್ದೀರಿ. ಹೇಳಿ ಮಾವ. ಬೇಗ ಹೇಳಿ.

ನಾವಿಬ್ಬರೂ ಕ್ಷೇಮ.

ದಿವ್ಯಾ


ಕೊಟ್ಟಿಗೆಹಾರ
16 ಫೆಬ್ರವರಿ 2025

ಮಗೂ ಅಶ್ವಿನ,

ದಿವ್ಯಾ, ಪುಟ್ಟಿ ಕ್ಷೇಮವೆಂದು ಕಾಗದದಿಂದ ತಿಳಿಯಿತು. ನೀನು ಹೇಗಿದ್ದೀಯ ಎಂದು ಅದರಲ್ಲಿರಲಿಲ್ಲ. ಇದನ್ನು ದಿವ್ಯಾಳ ವಿಳಾಸಕ್ಕೇ ಹಾಕುತ್ತಿದ್ದೇನೆ, ನೀನು ದಡಕ್ಕೆ ಬಂದಾಗ ಕೊಡಲಿ.

ಕೊಟ್ಟ ಮಾತಿನಂತೆ ಎರಡೂ ಕಡೆ ಹೋಗಿ ಬಂದೆ. ಏನಾಯಿತೆಂದು ಕೇಳು.

ಈ ತಿಂಗಳು ನಾಲ್ಕಕ್ಕೆ ಮಂಗಳೂರಿಗೆ ಇಳಿದೆ. ಡ್ರಮ್ಮಿನ ತಳ ಕೊಯ್ಯಿಸಿ ಅದನ್ನೂ, ಕೆಂಪಾದ ಕತ್ತಿಯನ್ನೂ ಗೋಣಿಯಲ್ಲಿ ಕಟ್ಟಿ ತೆಗೆದುಕೊಂಡು ಹೋಗಿದ್ದೆ. ಧಣಿಗಳು ಮೀನಿನ ಹರಾಜಿನ ಹತ್ತಿರ ನಿಂತಿದ್ದರು. ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಕತ್ತಿ ತೋರಿಸಿದೆ. ಅವರು ನಕ್ಕು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನೀವು ಹುಡುಗನ ಮಾವ ಅಲ್ವಾ? ಮಾವ ಅಂದ್ಮೇಲೆ ಹೀಗೆ ಹೇಳ್ಲೇಬೇಕು ಮಾರಾಯ್ರೆ. ನನ್ನ ಅಳಿಯ ಆಗಿದ್ರೆ ನಾನೂ ಹೇಳ್ತಿದ್ದೆ."

"ಕತ್ತಿ ನೋಡಿ ಸ್ವಾಮಿ" ಎಂದೆ.

"ಕತ್ತಿ ಎಂತ ನೋಡುದು? ಅವ್ನೇ ಬರ್ದು ಕೊಟ್ಟಿದ್ದಾನೆ, ತಪ್ಪು ನಂದೇ ಅಂತ. ಈ ವಯಸ್ಸಲ್ಲಿ ನೀವು ಅಳಿಯನಿಗೋಸ್ಕರ ಘಾಟಿ ಇಳ್ದು ಬಂದ್ರಲ್ಲ, ಅದು ದೊಡ್ಡದು. ಚಾ ಕುಡ್ದು ಹೋಗಿ."

ಅಲ್ಲಿಂದ ತಂಡೇಲರ ಮನೆ ಹುಡುಕಿಕೊಂಡು ಹೋದೆ. ಎಡಗೈಯಲ್ಲಿ ಲೋಟ ಕೊಟ್ಟರು. ಬಲಗೈಯನ್ನು ಪಂಚೆಯೊಳಗೆ ಮರೆಮಾಡಿಕೊಂಡಿದ್ದರು, ನನಗೆ ಬೇಸರವಾಗಬಾರದೆಂದು. ಅವರೆದುರೂ ಹೇಳಿದೆ. "ಅದು ನಿಮ್ಮದಾ ಅವನದಾ ಅಂತ ನಂಗೆ ಈಗ ಎಂತ ಆಗ್ಬೇಕು? ಆಸ್ಪತ್ರೆಗೆ ದಿನಾ ಬರ್ತಿದ್ದವ ಅವ್ನು" ಎಂದರು. ಲೋಟ ಕೆಳಗಿಟ್ಟು, ಬಸ್ಸು ಹಿಡಿದು ಘಾಟಿ ಹತ್ತಿದೆ.

ಆರನೇ ತಾರೀಕು ಬಣಕಲ್. ಹೋಟೆಲಿನಲ್ಲಿ ಮಾಮೂಲಿನವರೆಲ್ಲ ಇದ್ದರು. ಎದ್ದು ನಿಂತು ಹೇಳಿದೆ, ಕೂತು ಹೇಳಿದರೆ ಹರಟೆಯಾಗುತ್ತದೆ ಎಂದು. ನಾನು ಮುಗಿಸಿದಾಗ ಪ್ರಶಾಂತನ ಕಣ್ಣಲ್ಲಿ ನೀರಿತ್ತು.

"ನೋಡ್ರೋ, ದೊಡ್ಡ ಮನುಷ್ಯ ಅಂದ್ರೆ ಇವ್ರು. ಅಳಿಯನ ಮಾನ ಉಳ್ಸಕ್ಕೆ ತನ್ ತಲೆ ಮೇಲೆ ಹಾಕ್ಕೊಂಡ್ರು" ಎಂದ.

"ಅಲ್ಲ ಕಣೋ ಪ್ರಶಾಂತ, ನಿಜವಾಗ್ಲೂ ನಂದೇ" ಎಂದೆ.

"ಆಯ್ತು ಬಿಡಿ ಸುಬ್ಬಣ್ಣ, ನಮಗೆ ಅರ್ಥ ಆಗತ್ತೆ" ಎಂದು ಆಚೆ ಬೆಂಚಿನವನು ಕಣ್ಣು ಮಿಟುಕಿಸಿದ. ಕತ್ತಿ ತೆಗೆದೆ. ಬೋರ್ಡೋ ಹೊಡೆಯುವವರ ಮನೆಯಲ್ಲಿ ಕೆಂಪು ಕತ್ತಿ ಎಷ್ಟು ಬೇಕಾದರೂ ಸಿಗುತ್ತದೆ ಎಂದರು. ಮಾರನೇ ದಿನ ಕೆಂಚಯ್ಯನನ್ನು ಸಾಕ್ಷಿಗೆ ಕರೆದುಕೊಂಡು ಹೋದೆ. "ಗೌಡ್ರು ಹೇಳ್ಕೊಟ್ಟಿದ್ದನ್ನ ಹೇಳ್ತಾನೆ, ಪಾಪ" ಎಂದರು. ಕೆಂಚಯ್ಯ ಹೊರಗೆ ಬಂದು, "ನಿಜ ಹೇಳಿ ಸುಳ್ಳುಗಾರ ಅನ್ನಿಸ್ಕೊಂಡೆ ಗೌಡ್ರೇ, ಇನ್ನೊಂದ್ಸಲ ಕರೀಬ್ಯಾಡಿ" ಎಂದ.

ನವೆಂಬರಿನಲ್ಲಿ ಇದೇ ಬೆಂಚಿನ ಮೇಲೆ ಕೂತು 'ಹುಡುಗ ಜಿಂಕ್ ಬದಲಿಸಲಿಲ್ಲ' ಎಂದಾಗ ಒಬ್ಬನೂ ಸಾಕ್ಷಿ ಕೇಳಿರಲಿಲ್ಲ. ಆಗಸ್ಟಿನಲ್ಲಿ ಕೂಲೆಂಟ್ ಬೇಡವೆಂದು ನಾನು ಇಲ್ಲೇ ಜಂಬ ಕೊಚ್ಚಿದ್ದು ಯಾರಿಗೂ ನೆನಪಿಲ್ಲ. ಆ ಮಾತು ಕೂತಲ್ಲೇ ಬೇರು ಬಿಟ್ಟಿದೆ. ಅದರ ಮೇಲೆ ಈಗ ನನ್ನ ದೊಡ್ಡತನ ಬೇರೆ ಬೆಳೆದಿದೆ. ದೇವರಮನೆ ಗುಡ್ಡದ ಕಡೆಯ ಎಸ್ಟೇಟಿನವರು ಪಂಪು ಸರ್ವೀಸಿಗೆ ಹೇಳಿ ಕಳಿಸಿದರು. ನನಗಿಂತ ಚೆನ್ನಾಗಿ ನನ್ನ ಅಳಿಯ ಮಾಡುತ್ತಾನೆ, ಅವನು ಬರಲಿ ಎಂದೆ. "ಅವರು ಬೇಡ, ನಿಮ್ಮಂಥವರು ಮುಟ್ಟಿದ್ರೆ ನಮ್ಗೆ ಸಮಾಧಾನ" ಎಂದರು.

ಸರೋಜಳ ಮನೆಗೆ ಹೋದೆ. ಅವಳಾದರೂ ನಂಬಿದಳು. ನಂಬಿ, ಬಾಗಿಲಲ್ಲೇ ನಿಂತು ಹೇಳಿದಳು, "ಅಣ್ಣಾ, ಬೈಯ್ದಾಗ್ಲೂ ನಿನ್ ಹೆಸ್ರೇ ದೊಡ್ಡದಾಯ್ತು, ತಪ್ಪು ಒಪ್ಕೊಂಡಾಗ್ಲೂ ನಿನ್ ಹೆಸ್ರೇ ದೊಡ್ಡದಾಯ್ತು. ನನ್ ಮಗ ಎರಡ್ಸಲವೂ ಸಣ್ಣವನಾದ." ಒಳಗೆ ಕರೆಯಲಿಲ್ಲ. ಚಿಕ್ಕಂದಿನಲ್ಲಿ ನನ್ನ ಬೆನ್ನಿನ ಮೇಲೆ ಹಳ್ಳ ದಾಟಿದ ತಂಗಿ.

ಅಶ್ವಿನ, ನನ್ನ ಬಾಯಲ್ಲಿ ಇದು ನಿಜವಾಗುವುದಿಲ್ಲ ಎಂದು ಈಗ ಗೊತ್ತಾಗಿದೆ. ನಿನ್ನ ಕೈಯಿಂದಲೇ ಆಗಬೇಕು. ನನ್ನ ಹೆಸರು ಹೇಳದೆ ನೀನು ಬರೆದುಕೊಟ್ಟೆಯಲ್ಲ, ಅದನ್ನು ನೀನೇ ಅಳಿಸಬೇಕು. ಒಂದು ಕಾಗದ ಬರೆ. ನನಗಲ್ಲ, ಬಣಕಲ್ಲಿಗೆ, ಇನ್ನೊಂದು ಪ್ರತಿ ಧಣಿಗಳಿಗೆ. ಕೂಲೆಂಟ್ ಬೇಡ ಎಂದವನು ಮಾವ, ತುತ್ತದ ಡ್ರಮ್ಮಿನಲ್ಲಿ ನೀರು ಕಳಿಸಿದವನು ಮಾವ, ಕೇಳಿದಾಗ ಬೈದವನು ಮಾವ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು ಮಾವ ಎಂದು ಬರೆ. 'ಅವರು', 'ಇವರು' ಎಂಬ ಮರ್ಯಾದೆ ಬೇಡ. ಜುಲೈಯಲ್ಲಿ ನಾನು ಬರೆದ ಕಾಗದ ನಿನ್ನ ಬಳಿ ಇದೆ, ಅದನ್ನೂ ಜೊತೆಗಿಡು. ನನ್ನ ಕೈಬರಹ ಅಲ್ಲಿ ಎಲ್ಲರಿಗೂ ಗೊತ್ತು. ಹೋಟೆಲಿನಲ್ಲಿ ನಾನೇ ನಿಂತು ಓದುತ್ತೇನೆ.

ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆ. ನನ್ನನ್ನು ಕ್ಷಮಿಸುವ ಮಾತು ಬೇಡ, ಅದನ್ನು ಈ ಕಾಗದದಲ್ಲಿ ನಾನು ಕೇಳುತ್ತಿಲ್ಲ. ಆದರೆ ತಡಮಾಡಬೇಡ, ಬೇಗ ಬರೆ. ಈ ಜನ ನನ್ನನ್ನು ಹೊಗಳಲು ಶುರುಮಾಡಿ ಹತ್ತು ದಿನವಾಯಿತು. ಇನ್ನೂ ಸ್ವಲ್ಪ ದಿನ ಹೋದರೆ ನನಗೂ ಅದು ಅಭ್ಯಾಸವಾಗಿಬಿಟ್ಟೀತು.

ನಿನ್ನ
ಸುಬ್ಬಣ್ಣ ಮಾವ